ಜಯನಗರಕ್ಕೆ ಅಮ್ಮ ಎಲೆಬಳ್ಳಿ ಕದಿಯಲು ಹೋದದ್ದು

ಅರವತ್ತರ ದಶಕ ಆಗತಾನೆ ಶುರುವಾಗಿತ್ತು. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಗೆಳೆಯ ಜಯನಗರದಲ್ಲಿ ಮನೆ ಕಟ್ಟಿಸಿದ. ನಾವೆಲ್ಲ ಹೋಗಿ ಗೃಹಪ್ರವೇಶದ ಊಟ ಮಾಡಿ ಬಂದು, ಮಾರನೆಯ ದಿನ ಅವನಿಗಾಗಿ ಮರುಕಪಟ್ಟೆವು. ಊಟ ಚೆನ್ನಾಗಿತ್ತು. ಮರುಕವೆಲ್ಲ ಜಾಗದ ಬಗ್ಗೆ. ಆಗಿನ ಜಯನಗರದಲ್ಲಿ ಅವನ ಮನೆಯ ಕಡೆ ಇದ್ದದ್ದು ಕೆಮ್ಮಣ್ಣು, ಸೈಟುಗಳ ಗುರುತಿಗೆ ನೆಟ್ಟ ಕಲ್ಲು, ಆ ಕಲ್ಲಿನ ಮೇಲೆ ಕತ್ತು ಕುಣಿಸುತ್ತ ಕೂತ ಓತಿಕ್ಯಾತ. ರಸ್ತೆಗಳಿದ್ದವು, ರಸ್ತೆಯ ಪಕ್ಕ ಮನೆಗಳಿರಲಿಲ್ಲ. ಬೇಸಿಗೆಯಲ್ಲಿ ಗಾಳಿ ಬೀಸಿದರೆ ಇಡೀ ಬಡಾವಣೆಯೇ ಎದ್ದು ಯಡಿಯೂರಿನ ಕಡೆ ಹೊರಟಂತೆ ಧೂಳು ಏಳುತ್ತಿತ್ತು. ನಲ್ಲಿಯಲ್ಲಿ ಬೆಳಗಿನ ಜಾವ ಸ್ವಲ್ಪ ಹೊತ್ತು ನೀರು ಬಂದು, ಮುದುಕರು ಕೆಮ್ಮಿದ ಹಾಗೆ ಸದ್ದು ಮಾಡಿ ನಿಂತುಬಿಡುತ್ತಿತ್ತು.

ಇಂಥ ಜಾಗದಿಂದ ಅವನು ಪ್ರತಿ ಸೋಮವಾರ ಆಫೀಸಿಗೆ ತರಕಾರಿ ತರಲು ಶುರುಮಾಡಿದ. ಮೊದಲು ಒಂದು ಹಿಡಿ ಕರಿಬೇವು ಬಂತು. ಆಮೇಲೆ ಬದನೆಕಾಯಿ, ತೊಂಡೆಕಾಯಿ. ಒಂದು ಸೋಮವಾರ ಪಡವಲಕಾಯಿ ಬಂತು. ಅದು ಎಷ್ಟು ಉದ್ದವಿತ್ತೆಂದರೆ ಯಾವ ಚೀಲಕ್ಕೂ ಹಿಡಿಸದೆ ಅವನು ಅದನ್ನು ಹೆಗಲ ಮೇಲೆ ಹಾಕಿಕೊಂಡೇ ಬಸ್ಸು ಹತ್ತಿದ್ದ. ಪಕ್ಕದಲ್ಲಿ ಕೂತು ತೂಕಡಿಸುತ್ತಿದ್ದವರೊಬ್ಬರು ಕಣ್ಣು ಬಿಟ್ಟು ನೋಡಿ ಎದ್ದು ಹಿಂದಿನ ಸೀಟಿಗೆ ಹೋದರಂತೆ. ಇವನು ಕಿಟಕಿ ಪಕ್ಕಕ್ಕೆ ಸರಿದು ಆರಾಮವಾಗಿ ಕೂತು ಬಂದನಂತೆ.

ಆ ಪಡವಲಕಾಯಿ ನನ್ನ ಪಾಲಿಗೆ ಬಂತು. ಅದನ್ನು ಬಸವನಗುಡಿಯ ನಮ್ಮ ಮನೆಗೆ ತಂದು ಅಮ್ಮನ ಮುಂದೆ ಇಟ್ಟೆ. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದಳು:

"ಮಾರ್ಕೆಟ್ಟಲ್ಲಿ ತಗೊಂಡು ಬಂದು ಮನೇಲಿ ಬೆಳೆದಿದ್ದು ಅಂತ ಕೊಡ್ತಾನೆ ಕಣೋ, ಪಾಪ. ಆ ಕಾಡಲ್ಲಿ ಸೈಟು ತಗೊಂಡು ತಪ್ಪು ಮಾಡಿದೆ ಅಂತ ಒಪ್ಕೊಳ್ಳೋಕೆ ಆಗಲ್ಲ ನೋಡು."

"ಇಲ್ಲಮ್ಮ, ಅವನ ಹೆಂಡತಿ ಬೆಳೀತಾರೆ. ಅವರು ಪಾವಗಡದ ಕಡೆಯೋರು."

"ಪಾವಗಡದೋಳಾ?" ಅಮ್ಮನಿಗೆ ಇನ್ನೂ ಅನುಮಾನವಾಯಿತು. "ಅಲ್ಲಿ ಮಳೆ ಬಂದ್ರೆ ಮಲಗಿರೋ ಮಕ್ಕಳನ್ನ ಎಬ್ಬಿಸಿ ತೋರಿಸ್ತಾರಂತೆ. ಅವಳೇನು ತೋಟ ಮಾಡ್ತಾಳೆ?"

ಅಮ್ಮನ ತವರು ಶ್ರೀರಂಗಪಟ್ಟಣದ ಹತ್ತಿರ, ನಾಲೆಯ ದಂಡೆಯ ಮೇಲೆ. ತೋಟ, ಗಿಡ, ಬಳ್ಳಿ ಎಂದರೆ ಅದು ತನ್ನ ಕಡೆಯವರ ಸೊತ್ತು ಎಂದು ಅವಳು ನಂಬಿದ್ದಳು. ಆದರೆ ನಮ್ಮ ಮನೆಯ ಹಿತ್ತಲಿನಲ್ಲಿ ಬಾವಿ ಇತ್ತು, ಬಾವಿಯಲ್ಲಿ ನೀರಿತ್ತು, ಒಳ್ಳೆಯ ಮಣ್ಣಿತ್ತು. ಗಿಡ ಮಾತ್ರ ಇರಲಿಲ್ಲ. ಅಮ್ಮ ಬಹಳ ಉತ್ಸಾಹದಿಂದ ನೆಡುತ್ತಿದ್ದಳು. ನೆಟ್ಟು ಕೈ ತೊಳೆದುಕೊಂಡು ಒಳಗೆ ಹೋದರೆ ಮುಗಿಯಿತು. ನಾಲೆ ಪಕ್ಕದಲ್ಲಿ ಬೆಳೆದವಳಾದ್ದರಿಂದ, ಗಿಡಕ್ಕೆ ನೀರನ್ನು ಯಾರಾದರೂ ಹಾಕಬೇಕಾಗುತ್ತದೆ ಎಂಬ ವಿಷಯ ಅವಳ ಮನಸ್ಸಿನಲ್ಲಿ ನಿಲ್ಲುತ್ತಲೇ ಇರಲಿಲ್ಲ. ಗಿಡ ಒಣಗಿದಾಗ ಬೆಂಗಳೂರಿನ ಮಣ್ಣನ್ನು ಬೈಯುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ ಅವಳಿಗೆ ವೀಳ್ಯದೆಲೆಯ ಬಳ್ಳಿ ಬೇಕಿತ್ತು. ಊಟವಾದ ಮೇಲೆ ಅಪ್ಪನಿಗೆ ಎಲೆ ಅಡಿಕೆ ಇಲ್ಲದೆ ಆಗುತ್ತಿರಲಿಲ್ಲ, ಮನೆಯಲ್ಲೇ ಬೆಳೆದ ಎಲೆ ಕೊಡಬೇಕೆಂದು ಇವಳಿಗೆ ಆಸೆ. ಬೀದಿಯ ಎಷ್ಟೋ ಮನೆಗಳಿಂದ ಬಳ್ಳಿ ಕೇಳಿ ತಂದು ನೆಟ್ಟಿದ್ದಳು. ಎಲ್ಲವೂ ದಾರದ ಹಾಗೆ ಒಣಗಿ ಹೋಗಿದ್ದವು.

ಯುಗಾದಿ ಕಳೆದ ಮೇಲೆ ಒಂದು ದಿನ ಅಮ್ಮ ತಾನಾಗಿಯೇ ಕೇಳಿದಳು: "ನಿನ್ನ ಸ್ನೇಹಿತನ ಮನೆಗೆ ಒಂದು ಸಲ ಹೋಗಿ ನೋಡ್ಕೊಂಡು ಬರೋಣವಾ? ನಿಜವೋ ಸುಳ್ಳೋ ಗೊತ್ತಾಗಿಬಿಡಲಿ."

ಅಪ್ಪನನ್ನೂ ಕರೆದೆವು. ಅವರು ಆರಾಮ ಕುರ್ಚಿಯಲ್ಲಿ ಪತ್ರಿಕೆಯನ್ನು ಸ್ವಲ್ಪ ಕೆಳಗಿಳಿಸಿ, "ಗಿಡ ನೋಡೋಕೆ ಲಾಲ್‌ಬಾಗ್ ಇದೆ. ಬಸ್ಸು ಹತ್ತೋದು ಯಾಕೆ?" ಎಂದು ಮತ್ತೆ ಪತ್ರಿಕೆ ಏರಿಸಿಕೊಂಡರು.

ಭಾನುವಾರ ಬೆಳಿಗ್ಗೆ ಹೊರಟೆವು. ಅಮ್ಮ ಹೊರಗೆ ಎಲ್ಲೂ ತಿನ್ನುವವಳಲ್ಲ, ಕುಡಿಯುವವಳಲ್ಲ. ಮಡಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮುಚ್ಚಳವಿರುವ ತಾಮ್ರದ ಕೂಜದಲ್ಲಿ ನೀರು ತುಂಬಿಕೊಂಡಳು. "ನೋಡ್ಕೊಂಡು ಬಂದ್ಬಿಡೋಣ. ಊಟ ಗೀಟ ಅಂದ್ರೆ ನೀನೇ ಏನಾದ್ರೂ ಹೇಳಬೇಕು" ಎಂದು ಬಸ್‌ಸ್ಟಾಪಿನವರೆಗೂ ಹೇಳಿಕೊಂಡೇ ಬಂದಳು.

ಬಸ್ಸು ಇಳಿದ ಮೇಲೆ ದೂರ ನಡೆಯಬೇಕಿತ್ತು. ಬಿಸಿಲು ಆಗಲೇ ಏರಿತ್ತು. ಅಮ್ಮ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಸೆರಗು ಹಿಡಿದು ನಡೆಯುತ್ತಿದ್ದಳು. ಕೂಜ ನನ್ನ ಕೈಯಲ್ಲಿತ್ತು.

"ಯಾರೂ ಇಲ್ಲದ ಊರಿಗೆ ಇಷ್ಟು ಅಗಲ ರಸ್ತೆ ಯಾಕೋ ಮಾಡಿದಾರೆ?"

"ಮುಂದೆ ಜನ ಬರ್ತಾರಂತೆ."

"ಬಂದೋರು ಏನು ಕುಡೀತಾರೆ?"

ನಾನು ಕೂಜವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡೆ. ತಿರುವು ದಾಟಿದಾಗ ಕೆಂಪು ಬಯಲಿನ ನಡುವೆ ಒಂದು ಹಸಿರು ಚೌಕ ಕಾಣಿಸಿತು. ಸುತ್ತ ಒಂದು ಹುಲ್ಲು ಕಡ್ಡಿಯೂ ಇಲ್ಲದ ಕಡೆ ಯಾರೋ ಒಂದು ತುಂಡು ಊರನ್ನು ತಂದು ಇಟ್ಟುಹೋದಂತೆ ಇತ್ತು. ಬಾಳೆ, ನುಗ್ಗೆ, ಪಪ್ಪಾಯಿ ಕಾಂಪೌಂಡಿಗಿಂತ ಎತ್ತರಕ್ಕೆ ಬೆಳೆದಿದ್ದವು.

ಅಮ್ಮ ನಿಂತಳು. "ಅದ್ಯಾರ ಮನೆ?"

"ಅದೇ ಅಮ್ಮ, ನಾವು ಹೋಗ್ತಿರೋದು."

ಕೊಡೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ನೋಡಿ, "ದೂರದಿಂದ ನೋಡಿದ್ರೆ ಎಲ್ಲಾ ಹಸಿರಾಗೇ ಕಾಣುತ್ತೆ" ಎಂದು ಮುಂದೆ ಹೊರಟಳು.

ಗೇಟು ತೆಗೆದಾಗ ಗೆಳೆಯ ನಿಂಬೆಗಿಡದ ಪಕ್ಕ ಒಂದು ಕಲ್ಲಿನ ಮೇಲೆ ಕೂತಿದ್ದ. ಮೈತುಂಬ ಹರಳೆಣ್ಣೆ, ಸೊಂಟಕ್ಕೆ ಟವಲು. ಅಮ್ಮನನ್ನು ಕಂಡು ಎದ್ದು ಬಾಳೆಗಿಡದ ಹಿಂದೆ ಸರಿದು, ಅಲ್ಲಿಂದಲೇ ಸ್ವಾಗತಿಸಿದ: "ಬನ್ನಿ ಅಮ್ಮ, ಬನ್ನಿ. ಬಾರೋ. ಇವತ್ತು ನಾನು ನಿಂಬೆಗಿಡದ ಪಾಲು ಕಣೋ. ಹೋದ ವಾರ ಸೀಬೆಗಿಡ. ಎಲ್ಲಿ ಸ್ನಾನ ಮಾಡಬೇಕು ಅಂತ ನಮ್ಮನೆಯೋಳು ಹೇಳ್ತಾಳೆ, ಅಲ್ಲಿಗೆ ಕಲ್ಲು ಎತ್ತಿಕೊಂಡು ಹೋಗ್ತೀನಿ."

ಒಳಗಿನಿಂದ ಅವನ ಹೆಂಡತಿ ಬಂದರು. ತೆಳ್ಳಗೆ, ಎತ್ತರವಾಗಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡಿದ್ದ ಹೆಂಗಸು. ಮಾತು ಕಡಿಮೆ, ಕಣ್ಣು ಚುರುಕು. ನಮಗೆ ಒಂದೊಂದು ಚೊಂಬು ನೀರು ಕೊಟ್ಟು, "ಅಮ್ಮ, ನೀವು ಕರಿಬೇವಿನ ಹತ್ರ ಕಾಲು ತೊಳ್ಕೊಳ್ಳಿ" ಎಂದು, ನನ್ನ ಕಡೆ ತಿರುಗಿ, "ನೀವು ದಾಳಿಂಬೆ ಹತ್ರ ಹೋಗಿ. ಅದಕ್ಕೆ ನಿನ್ನೆಯಿಂದ ಯಾರೂ ಸಿಕ್ಕಿಲ್ಲ" ಎಂದರು.

ಅಮ್ಮ ಚೊಂಬು ಹಿಡಿದು ನನ್ನ ಮುಖ ನೋಡಿದಳು. ಕಾಲು ತೊಳೆಯುವುದಕ್ಕೆ ಅವಳಿಗೆ ಅಲ್ಲಿಯವರೆಗೆ ಯಾವ ಮನೆಯಲ್ಲೂ ಗಿಡ ಗೊತ್ತು ಮಾಡಿ ಕೊಟ್ಟಿರಲಿಲ್ಲ. ಆದರೂ ಹೋಗಿ ತೊಳೆದುಕೊಂಡಳು. ಆ ಮನೆಗೆ ಬಂದವರ ಗತಿಯೆಲ್ಲ ಅದೇ ಎಂದು ಆಮೇಲೆ ಗೆಳೆಯ ಹೇಳಿದ. ನೀರು ಕೇಳಿದ ಪೋಸ್ಟ್‌ಮ್ಯಾನ್ ಕುಡಿದು ಉಳಿಸಿದ್ದು ಗುಲಾಬಿಗೆ. ದೂರದ ಎರಡು ಮನೆಯವರು ಅಕ್ಕಿ ತೊಳೆದ ನೀರನ್ನು ಪಾತ್ರೆಯಲ್ಲಿ ತಂದು ಕೊಟ್ಟು ಸೊಪ್ಪು ಒಯ್ಯುತ್ತಿದ್ದರು. ಮನೆಯಲ್ಲಿ ಒಂದು ತೊಟ್ಟು ನೀರೂ ಒಂದೇ ಸಲಕ್ಕೆ ಖರ್ಚಾಗುತ್ತಿರಲಿಲ್ಲ. ತರಕಾರಿ ತೊಳೆದದ್ದು ಪಾತ್ರೆಗೆ, ಪಾತ್ರೆ ತೊಳೆದದ್ದು ಬಾಳೆಗೆ.

ಗೆಳೆಯ ಸ್ನಾನ ಮುಗಿಸುವಷ್ಟರಲ್ಲಿ ಅವನ ಹೆಂಡತಿ ನಮಗೆ ತೋಟ ತೋರಿಸಿದರು. ಅಮ್ಮ ಪ್ರತಿ ಗಿಡದ ಮುಂದೆಯೂ ನಿಂತು ತನ್ನ ತವರಿನ ಗಿಡವನ್ನು ನೆನೆಸಿಕೊಂಡಳು.

"ನಮ್ಮೂರಲ್ಲಿ ಬದನೇಕಾಯಿ ಇದರ ಎರಡರಷ್ಟು ಬರೋದು."

"ಹೌದಾ ಅಮ್ಮ? ನಾಲೆ ನೀರು, ಬರುತ್ತೆ."

"ಬಾಳೆಎಲೆ ಅಂದ್ರೆ ನಮ್ಮ ತೋಟದ್ದು. ಒಂದೊಂದು ಎಲೇಲಿ ಇಬ್ಬರು ಕೂತು ಉಣ್ಣಬಹುದಿತ್ತು."

"ಚೆನ್ನಾಗಿರುತ್ತೆ ಅಮ್ಮ."

ಎದುರು ಮಾತಾಡದವರ ಹತ್ತಿರ ವಾದ ಬೆಳೆಸುವುದು ಕಷ್ಟ. ಅಮ್ಮ ಸ್ವಲ್ಪ ಸ್ವಲ್ಪವಾಗಿ ಸೋಲತೊಡಗಿದಳು. ಎಲೆಗಳನ್ನು ಮುಟ್ಟಿ ನೋಡಿದಳು. ಕುಂಬಳಬಳ್ಳಿಯ ಬುಡದಲ್ಲಿ ಕತ್ತಿನವರೆಗೆ ಹೂತಿಟ್ಟಿದ್ದ ಮಡಕೆಯೊಂದನ್ನು ಕಂಡು ಬಗ್ಗಿ ಅದರ ಮುಚ್ಚಳ ಎತ್ತಿದಳು.

"ಇದರಲ್ಲೇನಮ್ಮ?"

"ನೀರು."

"ಇಲ್ಲಿಟ್ಟಿದೀಯಲ್ಲ, ಯಾರು ಕುಡಿಯೋಕೆ?"

"ಬಳ್ಳಿ ಕುಡಿಯುತ್ತೆ ಅಮ್ಮ. ಮೇಲೆ ಹಾಕಿದ್ರೆ ಬಿಸಿಲು ಕುಡ್ಕೊಂಡ್ಬಿಡುತ್ತೆ. ಮಡಕೇಲಿ ಇಟ್ರೆ ಒಳಗೊಳಗೇ ಜಿನುಗಿ ಬೇರಿಗೆ ಸಿಕ್ಕುತ್ತೆ." ಕುಂಬಳದ ಎಲೆಯೊಂದನ್ನು ಸರಿಸುತ್ತ ಹೇಳಿದರು: "ನಮ್ಮೂರಲ್ಲಿ ಗುಡ್ಡ ಹತ್ತಿ ಇಳಿದು ನೀರು ತರಬೇಕಿತ್ತು. ಗಿಡಕ್ಕೆ ಅಂತ ಚೆಲ್ಲೋಕೆ ಹೋದ್ರೆ ನಮ್ಮಜ್ಜಿ ಕೈ ಹಿಡ್ಕೊಂಡ್ಬಿಡೋರು."

ಅಮ್ಮ ಮುಚ್ಚಳವನ್ನು ಬಹಳ ಮರ್ಯಾದೆಯಿಂದ ವಾಪಸು ಇಟ್ಟಳು.

ಹಿತ್ತಲಿಗೆ ಬಂದೆವು. ಅಲ್ಲಿ ಮೂಲೆಯಲ್ಲಿ ತಗಡಿನ ಮರೆ ಕಟ್ಟಿದ ಬಚ್ಚಲು. ಬಚ್ಚಲಿನ ನೀರು ಹೊರಗೆ ಬರುವ ಕಡೆ ಒಂದು ಸಣ್ಣ ಕೆಸರಿನ ಹೊಂಡ, ಅದರ ಪಕ್ಕ ನುಗ್ಗೆಮರ. ಆ ನುಗ್ಗೆಮರವನ್ನು ಬುಡದಿಂದ ಕೊಂಬೆಯವರೆಗೆ ತಬ್ಬಿಕೊಂಡು ವೀಳ್ಯದೆಲೆಯ ಬಳ್ಳಿ ಹಬ್ಬಿತ್ತು. ಎಲೆಗಳು ಅಂಗೈಯಷ್ಟಗಲ, ಎಣ್ಣೆ ಸವರಿದಂತೆ ಮಿರಿಮಿರಿ ಎನ್ನುತ್ತಿದ್ದವು. ಅಮ್ಮ ತವರಿನ ಹೆಸರೇ ಎತ್ತಲಿಲ್ಲ.

"ಒಂದು ತುಂಡು ಕತ್ತರಿಸಿಕೊಡ್ಲಾ ಅಮ್ಮ?"

"ಬೇಡಮ್ಮ, ಬೇಡ" ಎಂದು ಅಮ್ಮ ತಟ್ಟನೆ ಹೇಳಿದಳು. "ನಮ್ಮನೇಲಿ ಅಷ್ಟಾಗಿ ಯಾರೂ ಎಲೆ ಹಾಕ್ಕೊಳ್ಳಲ್ಲ."

ನಾನು ಬೆರಗಾದೆ. ಗೆಳೆಯನ ಹೆಂಡತಿ ಅಮ್ಮನ ಮುಖವನ್ನು ಒಂದು ಗಳಿಗೆ ನೋಡಿ, "ಸರಿ ಅಮ್ಮ. ನಂಗೆ ಒಲೆ ಮುಂದೆ ಸ್ವಲ್ಪ ಕೆಲಸ ಇದೆ, ನೀವು ನೋಡ್ತಾ ಇರಿ" ಎಂದು ಒಳಗೆ ಹೋದರು.

ಅವರು ಹೋದದ್ದೇ ಅಮ್ಮ ನನ್ನ ತೋಳು ಹಿಡಿದಳು. "ನೀನು ಹೋಗಿ ಅವನ ಹತ್ರ ಮಾತಾಡ್ತಾ ಕೂತಿರು. ಈ ಕಡೆ ಬರದ ಹಾಗೆ ನೋಡ್ಕೋ."

"ಯಾಕಮ್ಮ?"

"ಬಳ್ಳಿ ಮುರ್ಕೋಬೇಕು."

"ಅವರೇ ಕೊಡ್ತೀನಿ ಅಂದ್ರಲ್ಲ."

"ಕೊಟ್ರೆ ಹತ್ತಲ್ಲ ಕಣೋ. ಕೇಳಿ ತಂದದ್ದೆಲ್ಲ ಒಣಗಿ ಹೋಗಿಲ್ವಾ? ಎಲೆಬಳ್ಳೀನ ಮನೆಯೋರಿಗೆ ಗೊತ್ತಾಗದ ಹಾಗೆ ಕದ್ದು ತಂದ್ರೇನೇ ಅದು ಬೇರು ಬಿಡೋದು. ನಮ್ಮಜ್ಜಿ ಹಾಗೇ ತಂದಿದ್ರು."

"ನಮ್ಮನೇಲಿ ಒಣಗಿದ್ದು ನೀರಿಲ್ಲದೆ ಅಮ್ಮ."

"ಹೋಗೋ ಅಂದ್ರೆ."

ಬೀದಿಯಲ್ಲಿ ಬೇರೆಯವರ ಕಾಂಪೌಂಡಿನಿಂದ ಆಚೆ ಬಿದ್ದ ಹೂವನ್ನು ಎತ್ತಿ ಮತ್ತೆ ಅವರ ಕಾಂಪೌಂಡಿನೊಳಗೇ ಹಾಕುವ ಹೆಂಗಸು ನನ್ನಮ್ಮ. ಅವಳ ಕಣ್ಣಿನಲ್ಲಿ ಆ ದಿನ ಕಂಡ ಹೊಳಪನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮುಂಬದಿಗೆ ಹೋದೆ.

ಗೆಳೆಯ ಸ್ನಾನ ಮುಗಿಸಿ ಪಂಚೆಯುಟ್ಟು ಜಗಲಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದ. ಏನಾದರೂ ಮಾತು ತೆಗೆಯಬೇಕಲ್ಲ ಎಂದು, "ಗೊಬ್ಬರಕ್ಕೆ ಏನು ಮಾಡ್ತೀಯೋ?" ಎಂದು ಕೇಳಿದೆ. ಕೇಳಬಾರದ ಪ್ರಶ್ನೆ ಅದೊಂದೇ ಇತ್ತು. ಅವನ ಮುಖ ಅರಳಿತು.

"ಬಾ, ಹಿತ್ತಲಲ್ಲಿ ಗುಂಡಿ ಮಾಡಿದೀನಿ, ತೋರಿಸ್ತೀನಿ."

"ಕೂತ್ಕೊಂಡೇ ಹೇಳು, ಪರವಾಗಿಲ್ಲ."

"ಗೊಬ್ಬರದ ಗುಂಡೀನ ಬಾಯಲ್ಲಿ ಹೇಳೋಕೆ ಆಗುತ್ತೇನೋ? ನೋಡಬೇಕು, ಮೂಸಬೇಕು. ಬಾ."

ಅವನು ಎದ್ದೇಬಿಟ್ಟ. ಅಷ್ಟರಲ್ಲಿ ಅಡುಗೆಮನೆಯಿಂದ ಅವನ ಹೆಂಡತಿಯ ದನಿ ಬಂತು: "ರೀ, ಈ ಡಬ್ಬದ ಮುಚ್ಚಳ ಬಿಗಿಯಾಗಿದೆ, ತೆಗೆದುಕೊಡಿ ಬನ್ನಿ." ಅವನು ಒಳಗೆ ಹೋದ. ಬಂದ. ಮತ್ತೆ ನನ್ನನ್ನು ಹಿತ್ತಲಿನ ಕಡೆ ಎಳೆದ. "ರೀ, ಉಪ್ಪಿನಕಾಯಿ ಜಾಡಿ ಮೇಲಿಂದ ಇಳಿಸಿಕೊಡಿ." ಮತ್ತೆ ಹೋದ. ದೇವರು ಸರಿಯಾದ ಹೊತ್ತಿಗೆ ಆ ಹೆಂಗಸಿಗೆ ಕೆಲಸ ನೆನಪು ಮಾಡಿಕೊಡುತ್ತಿದ್ದಾನೆ ಎಂದುಕೊಂಡೆ. ಜಾಡಿ ಇಳಿಸಿದ್ದಾಯಿತು, ಒಲೆಗೆ ಸೌದೆ ತಂದುಕೊಟ್ಟದ್ದಾಯಿತು. ಅವನು ಮತ್ತೆ ಬಂದು ನನ್ನ ಕೈ ಹಿಡಿದಾಗ ಹಿತ್ತಲಿನಲ್ಲಿ ಲಟಲಟ ಎಂದು ಕೊಂಬೆ ಮುರಿದ ಸದ್ದಾಯಿತು. ಅದರ ಹಿಂದೆಯೇ ಏನೋ ಮೆತ್ತಗೆ ಬಿದ್ದ ಸದ್ದು. ಅದರ ಹಿಂದೆ ಅಮ್ಮನ "ರಾಮ ರಾಮ."

ಎಲ್ಲರೂ ಓಡಿದೆವು. ಅಮ್ಮ ಬಚ್ಚಲಿನ ಹೊಂಡದ ಕೆಸರಿನಲ್ಲಿ ಕಾಲು ಚಾಚಿ ಕೂತಿದ್ದಳು. ಮಡಿಲಿನಲ್ಲಿ ನುಗ್ಗೆಯ ಕೊಂಬೆ. ತಲೆಯಿಂದ ಹೆಗಲಿನವರೆಗೆ ಎಲೆಬಳ್ಳಿ ಮದುವೆಹೆಣ್ಣಿನ ಹೂವಿನ ದಂಡೆಯ ಹಾಗೆ ಇಳಿಬಿದ್ದಿತ್ತು. ಅಮ್ಮ ಕುಳ್ಳಿ, ಸ್ವಲ್ಪ ದಪ್ಪ. ಬಳ್ಳಿಯ ಎಳೆಯ ತುದಿ ಎಟುಕಲೆಂದು ಬಟ್ಟೆ ಒಗೆಯುವ ಕಲ್ಲು ಹತ್ತಿ ಕೊಂಬೆ ಹಿಡಿದು ತೂಗಿದ್ದಳೆಂದು ನೋಡಿದರೇ ಗೊತ್ತಾಗುತ್ತಿತ್ತು. ಪೆಟ್ಟೇನೂ ಆಗಿರಲಿಲ್ಲ.

"ಕಾಗೆ ಕೂತಿತ್ತು ಕಣಪ್ಪ" ಎಂದು ಅಮ್ಮ ಕೂತಲ್ಲಿಂದಲೇ ಗೆಳೆಯನಿಗೆ ಹೇಳಿದಳು. "ಕೊಂಬೆ ಮುರೀತು. ನಾನು ಕೆಳಗೆ ನಿಂತಿದ್ದೆ."

ಅವನು ಮುರಿದ ಕೊಂಬೆ ನೋಡಿದ, ಮರ ನೋಡಿದ. "ಕಾಗೆ ಕೂತ್ರೆ ಇಷ್ಟು ದಪ್ಪ ಕೊಂಬೆ ಮುರಿಯುತ್ತಾ ಅಮ್ಮ?"

"ನುಗ್ಗೆಮರ ಅಲ್ವಾ ರೀ" ಎಂದರು ಅವನ ಹೆಂಡತಿ. "ಒಂದೊಂದು ಕಾಗೆ ಭಾರ ಇರುತ್ತೆ."

ನಾನು ಮುಖ ತಿರುಗಿಸಿ ಗೊಬ್ಬರದ ಗುಂಡಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಅಮ್ಮನನ್ನು ಎಬ್ಬಿಸಿ ನಿಲ್ಲಿಸಿದೆವು. ಸೀರೆಯೆಲ್ಲ ಕೆಸರು. ಮನೆಗೆ ಹೋಗಿ ಸ್ನಾನ ಮಾಡುತ್ತೇನೆಂದಳು. ಈ ಅವತಾರದಲ್ಲಿ ಕಂಡಕ್ಟರ್ ಬಸ್ಸಿಗೆ ಹತ್ತಿಸುವುದಿಲ್ಲ ಎಂದು ನಾನು ಹೇಳಿದೆ. ಬೇರೆ ದಾರಿಯಿರಲಿಲ್ಲ. ಗೆಳೆಯ ಎಣ್ಣೆ ಸ್ನಾನ ಮಾಡಿದ್ದ ಹಂಡೆಯಲ್ಲಿ ಇನ್ನೂ ಬಿಸಿನೀರಿತ್ತು. ಹೊರಗಿನ ಮನೆಯಲ್ಲಿ ಗುಟುಕು ನೀರೂ ಕುಡಿಯದ ನಮ್ಮಮ್ಮ ತಗಡಿನ ಮರೆಯ ಹಿಂದೆ ಹೋದಳು. ಗೆಳೆಯನ ಹೆಂಡತಿ ಗುದ್ದಲಿ ತಂದು ಎಲೆಬಳ್ಳಿಯ ಕಡೆ ಹೋಗುತ್ತಿದ್ದ ಕಾಲುವೆಗೆ ಮಣ್ಣು ಒಡ್ಡಿ, ಇನ್ನೊಂದು ಕಡೆ ಬಾಯಿ ಬಿಡಿಸಿದರು. "ಬಳ್ಳಿಗೆ ಇವತ್ತಿಗೆ ಸಾಕಾಗಿದೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಮ್ಮ, "ಆಯ್ತಮ್ಮ" ಎಂದಳು.

"ಇನ್ನೊಂದು ಬಿಂದಿಗೆ ಹುಯ್ಕೊಳ್ಳಿ ಅಮ್ಮ. ತೆಂಗಿನ ಸಸಿ ಬುಡ ಇನ್ನೂ ನೆನೆದಿಲ್ಲ."

ಒಳಗೆ ಬಿಂದಿಗೆ ಹಂಡೆಗೆ ತಾಕಿದ ಸದ್ದಾಯಿತು. ಆಮೇಲೆ ನೀರು ಸುರಿಯುವ ಸದ್ದು ಕೇಳಿತು. "ಈಗ ನೋಡಮ್ಮ, ನೆನೀತಾ?" ಎಂದಳು ಅಮ್ಮ.

"ಇನ್ನು ಸ್ವಲ್ಪ."

ತೆಂಗಿನ ಸಸಿಗೆ ಸಾಕು ಎನ್ನುವವರೆಗೆ ಅಮ್ಮ ಸ್ನಾನ ಮಾಡಿದಳು. ಬೆಳಗ್ಗೆಯೇ ಒಗೆದು ಯಾರೂ ಮುಟ್ಟದಂತೆ ಮೇಲೆ ಹರವಿದ್ದ ತಮ್ಮ ಸೀರೆಯನ್ನು ಗೆಳೆಯನ ಹೆಂಡತಿ ಕೋಲಿನಿಂದಲೇ ಇಳಿಸಿ ತಗಡಿನ ಮೇಲೆ ಹಾಕಿದರು. ಕೋಲು ಕಂಡು ಅಮ್ಮನಿಗೆ ಸಮಾಧಾನವಾದದ್ದು ನನಗೆ ಹೊರಗಿನಿಂದಲೇ ಗೊತ್ತಾಯಿತು. ಮರೆಯಿಂದ ಹೊರಬಂದಾಗ ಎತ್ತರದ ಹೆಂಗಸಿನ ಸೀರೆಯಲ್ಲಿ ಅಮ್ಮ ಇನ್ನಷ್ಟು ಕುಳ್ಳಗೆ ಕಾಣಿಸಿದಳು. ಬಿಸಿನೀರಿನ ಹಬೆಗೆ ಮುಖ ಕೆಂಪಗಾಗಿತ್ತು. ಹಸಿವೂ ಆಗಿರಬೇಕು.

ಊಟಕ್ಕೆ ಒಂದು ನೆಪ ಹೇಳಲು ನಾನು ಸಿದ್ಧನಾಗಿದ್ದೆ. ಗೆಳೆಯನ ಹೆಂಡತಿ ಬಲವಂತವನ್ನೇ ಮಾಡಲಿಲ್ಲ. "ಎಲೆ ಹಾಕಿದೀನಿ ಅಮ್ಮ. ಮಡೀಲೇ ಮಾಡಿದ್ದು. ಬೇಡ ಅಂದ್ರೆ ಬೇಜಾರಿಲ್ಲ, ಎಲೆ ಗೊಬ್ಬರಕ್ಕೆ ಹೋಗುತ್ತೆ" ಎಂದರು.

"ಎಲೆ ಯಾಕೆ ದಂಡ ಮಾಡೋದು" ಎಂದು ಅಮ್ಮ ಹೋಗಿ ಕೂತಳು. ತೊಂಡೆಕಾಯಿ ಪಲ್ಯ, ನುಗ್ಗೆಕಾಯಿ ಹುಳಿ, ಮಾವಿನಕಾಯಿ ಚಿತ್ರಾನ್ನ. ಹುಳಿಗೆ ಒಂದು ಹರಳು ಉಪ್ಪು ಕಡಿಮೆ ಎಂದಳು. ಹಾಗೆಂದು ಹೇಳಿ ಮತ್ತೊಮ್ಮೆ ಹಾಕಿಸಿಕೊಂಡಳು. ಮಜ್ಜಿಗೆಯ ಹೊತ್ತಿಗೆ ಅವರಿಬ್ಬರೂ ಪಡವಲಬಳ್ಳಿಗೆ ಚಪ್ಪರ ಎಷ್ಟು ಎತ್ತರ ಇರಬೇಕೆಂದು ಮಾತಾಡುತ್ತಿದ್ದರು. ನಾನೂ ಗೆಳೆಯನೂ ಪಕ್ಕದಲ್ಲಿ ಕೂತಿದ್ದೇವೆಂಬುದು ಇಬ್ಬರಿಗೂ ಮರೆತುಹೋಗಿತ್ತು.

ಹೊರಡುವಾಗ ಗೆಳೆಯನ ಹೆಂಡತಿಯ ಕಣ್ಣು ನನ್ನ ಕೈಯಲ್ಲಿದ್ದ ಕೂಜದ ಮೇಲೆ ಬಿತ್ತು. ಅಮ್ಮ ಅದನ್ನು ನನ್ನಿಂದ ಈಸಿಕೊಂಡು, "ಯಾವ ಗಿಡಕ್ಕಮ್ಮ?" ಎಂದು ಕೇಳಿದಳು. ಅವರು ತೋರಿಸಿದ ಬೆಂಡೆಗಿಡದ ಬುಡಕ್ಕೆ ನಿಧಾನವಾಗಿ ಹುಯ್ದಳು.

ಗೇಟಿನ ಹತ್ತಿರ ಮುರಿದ ಬಳ್ಳಿಯ ತುಂಡುಗಳನ್ನು ಯಾರೋ ಒಪ್ಪವಾಗಿ ಗುಡ್ಡೆ ಹಾಕಿದ್ದರು. "ಇದನ್ನೆಲ್ಲ ಆಮೇಲೆ ಎಸೀಬೇಕು" ಎಂದು ಗೆಳೆಯನ ಹೆಂಡತಿ ಗಾಳಿಗೆ ಹೇಳಿದಂತೆ ಹೇಳಿ, "ಇರಿ ಅಮ್ಮ, ಕುಂಕುಮ ತರ್ತೀನಿ. ಸ್ವಲ್ಪ ಹೊತ್ತಾಗುತ್ತೆ. ರೀ, ನೀವೂ ಬನ್ನಿ ಒಳಗೆ" ಎಂದು ಗಂಡನನ್ನು ಕರೆದುಕೊಂಡು ಹೋದರು. ಆಗ ನನಗೆ ಡಬ್ಬದ ಮುಚ್ಚಳ, ಉಪ್ಪಿನಕಾಯಿ ಜಾಡಿ ಎಲ್ಲವೂ ಅರ್ಥವಾಯಿತು. ಅಮ್ಮನಿಗೂ ಅರ್ಥವಾಯಿತೋ ಏನೋ. ಅತ್ತ ಇತ್ತ ನೋಡಿ ಬಗ್ಗಿದಳು. ಒಂದು ಒಳ್ಳೆಯ ತುಂಡು ಆರಿಸಿ ಸೆರಗಿನ ಮರೆಗೆ ತಂದಿದ್ದಳು, ಅಷ್ಟರಲ್ಲಿ ಕಿಟಕಿಯಲ್ಲಿ ಗೆಳೆಯನ ಮುಖ ಕಾಣಿಸಿತು.

"ತಗೊಂಡು ಹೋಗಿ ಅಮ್ಮ, ಸಂಕೋಚ ಯಾಕೆ? ನಾನೇ ಕೊಟ್ಟೆ ಅನ್ಕೊಳ್ಳಿ."

ಅಮ್ಮ ಕೆಂಡ ಮುಟ್ಟಿದವಳಂತೆ ಅದನ್ನು ಕೆಳಗೆ ಹಾಕಿ, "ದಾರಿಗೆ ಅಡ್ಡ ಇತ್ತು ಕಣಪ್ಪ, ಸರಿಸಿದೆ ಅಷ್ಟೆ" ಎಂದುಬಿಟ್ಟಳು. ಕುಂಕುಮದ ಬಟ್ಟಲು ಹಿಡಿದು ಬಾಗಿಲಿಗೆ ಬಂದ ಗೆಳೆಯನ ಹೆಂಡತಿ ಕಿಟಕಿಯ ಕಡೆಗೆ ಒಂದು ಸಲ ನೋಡಿದರು. ಮುಂದಿನ ಭಾನುವಾರ ಅವನ ಸ್ನಾನ ಕಳ್ಳಿಗಿಡದ ಹತ್ತಿರ ಆಗಬಹುದೆಂದು ನನಗೆ ಅನ್ನಿಸಿತು. ಅವರು ಅಮ್ಮನಿಗೆ ಕುಂಕುಮ ಕೊಟ್ಟು, "ಒಂದು ನಿಮಿಷ, ನಿಮ್ಮ ಒದ್ದೆ ಸೀರೆ ಕಟ್ಟಿಕೊಡ್ತೀನಿ" ಎಂದು ಮತ್ತೆ ಒಳಗೆ ಹೋಗಿ, ಬಾಳೆಎಲೆಯಲ್ಲಿ ಸುತ್ತಿ ನಾರು ಬಿಗಿದ ಗಂಟೊಂದನ್ನು ತಂದು ನನ್ನ ಕೈಗೆ ಕೊಟ್ಟರು.

ಅಮ್ಮ ಮನೆಗೆ ಬಂದವಳೇ ಬಾವಿಕಟ್ಟೆಯ ಮೇಲೆ ಗಂಟು ಬಿಚ್ಚಿದಳು. ಕೆಸರಿನ ಸೀರೆಯ ಮಡಿಕೆಯೊಳಗೆ, ಒದ್ದೆ ಬಟ್ಟೆಯ ಚೂರಿನಲ್ಲಿ ಸುತ್ತಿದ, ಗಿಣ್ಣು ಗಿಣ್ಣಿಗೂ ಬೇರಿನ ಎಳೆಯಿದ್ದ ಬಳ್ಳಿಯ ತುಂಡು ಇತ್ತು.

"ನೀನು ಇಟ್ಯಾ?" ಎಂದು ನನ್ನನ್ನು ಕೇಳಿದಳು.

"ಇಲ್ಲ."

"ನಾನೂ ಇಟ್ಟಿಲ್ಲ."

ಅಷ್ಟು ಹೊತ್ತಿಗೆ ಅಪ್ಪ ಹಿತ್ತಲಿನ ಬಾಗಿಲಿಗೆ ಬಂದು ನಿಂತು ಇಡೀ ಕಥೆ ನನ್ನಿಂದ ಕೇಳಿದ್ದರು. "ಹಾಗಾದ್ರೆ ಇದು ಕೊಟ್ಟಿದ್ದೋ, ಕದ್ದಿದ್ದೋ?" ಎಂದರು.

ಅಮ್ಮ ಯೋಚಿಸಿದಳು. "ಅವಳು ಈ ತುಂಡು ಕೊಡ್ತೀನಿ ಅಂತ ಹೇಳ್ಲಿಲ್ಲ. ನಾನು ತಗೋತೀನಿ ಅಂತ ಹೇಳ್ಲಿಲ್ಲ. ಯಜಮಾನನಿಗೆ ಗೊತ್ತೇ ಇಲ್ಲ. ಕದ್ದಿದ್ದೇ."

"ಕದ್ದೋರು ಯಾರು?"

"ಅವಳೇ" ಎಂದಳು ಅಮ್ಮ, ಇದಕ್ಕಿಂತ ಸ್ಪಷ್ಟವಾದದ್ದು ಇಲ್ಲ ಎಂಬಂತೆ. "ಗಂಡನ ಮನೆ ಬಳ್ಳೀನ ನಮಗೋಸ್ಕರ ಕದ್ದಿದಾಳೆ."

ಅಪ್ಪ ಒಳಗೆ ಹೋಗಿ ಮತ್ತೆ ಪತ್ರಿಕೆ ಏರಿಸಿಕೊಂಡರು. ನಮ್ಮ ಬಚ್ಚಲಿನ ನೀರು ಹೊರಗೆ ಹೋಗುವ ಕಡೆ ಅಮ್ಮ ಬಳ್ಳಿ ನೆಟ್ಟಳು. ಈ ಸಲ ಅಮ್ಮ ಕೈ ತೊಳೆದುಕೊಂಡು ಒಳಗೆ ಹೋಗಿ ಮರೆಯಲಿಲ್ಲ. ಕೈ ತೊಳೆದದ್ದೂ ಅದರ ಬುಡದಲ್ಲೇ. ಬೇಸಿಗೆ ಮುಗಿಯುವಷ್ಟರಲ್ಲಿ ಅದು ಗೋಡೆ ಹಿಡಿದು ಹತ್ತಲು ಶುರುಮಾಡಿತು. ಕದ್ದದ್ದರಿಂದ ಹತ್ತಿತು ಎಂದು ಅಮ್ಮ, ನೀರು ಹಾಕಿದ್ದರಿಂದ ಹತ್ತಿತು ಎಂದು ನಾನು. ಮೊದಲ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಅಪ್ಪನಿಗೆ ಕೊಟ್ಟಾಗ ಅಮ್ಮ ಎದುರಿಗೇ ನಿಂತಿದ್ದಳು. ಅಪ್ಪ ಬಹಳ ಹೊತ್ತು ಅಗಿದು, "ಖಾರ ಸಾಲದು" ಎಂದರು. ಅಂದಿನಿಂದ ಅಂಗಡಿಯ ಎಲೆ ತರುವುದನ್ನು ನಿಲ್ಲಿಸಿದರು.

ಆ ಸೀರೆಯನ್ನು ವಾಪಸು ಕೊಡಬೇಕಿತ್ತಲ್ಲ. ಆಫೀಸಿಗೆ ಒಯ್ದು ಗೆಳೆಯನ ಕೈಗೆ ಕೊಡುತ್ತೇನೆಂದೆ. ಅಮ್ಮ ಒಪ್ಪಲಿಲ್ಲ. ಭಾನುವಾರ ಜೊತೆಗೆ ಬರುತ್ತೇನೆಂದೆ.

"ನೀನು ಯಾಕೆ? ನೀನು ಬಂದ್ರೆ ಅವನು ಮಾತಾಡ್ತಾ ಕೂರ್ತಾನೆ, ನಮಗೆ ಕೆಲಸ ಸಾಗಲ್ಲ" ಎಂದು ಒಂದು ವಾರದ ದಿನ ತಾನೊಬ್ಬಳೇ ಬಸ್ಸು ಹತ್ತಿ ಹೊರಟಳು. ಮಗನೋ ಗಂಡನೋ ಜೊತೆಗಿಲ್ಲದೆ ಗಾಂಧಿಬಜಾರಿನಿಂದಾಚೆ ಹೋಗದಿದ್ದವಳು. ಸಂಜೆ ಬಂದಾಗ ಉಗುರಿನ ಸಂದಿಯಲ್ಲಿ ಕೆಂಪು ಮಣ್ಣಿತ್ತು, ಚೀಲದಲ್ಲಿ ಬೆಂಡೆಕಾಯಿ ಇತ್ತು. ಆಮೇಲಾಮೇಲೆ ಯಾವ ನೆಪವೂ ಬೇಕಾಗಲಿಲ್ಲ. ಹೊರಡುವಾಗ ಎಷ್ಟು ಹೊತ್ತಿಗೆ ಬರುತ್ತೀಯ ಎಂದು ಅಪ್ಪ ಕೇಳಿದರೆ, "ಬಂದಾಗ ಬರ್ತೀನಿ, ಅನ್ನ ಮಾಡಿಟ್ಟಿದೀನಿ" ಎನ್ನುವಳು.

ಮಳೆಗಾಲ ಶುರುವಾದ ಮೇಲೆ ಒಂದು ದಿನ ಗೆಳೆಯ ಆಫೀಸಿಗೆ ಸೊಂಟ ಹಿಡಿದುಕೊಂಡು ಬಂದ. ಏನಾಯಿತೆಂದು ಕೇಳಿದೆ.

"ನಿನ್ನೆ ರಜಾ ಹಾಕಿ ಮನೇಲಿದ್ದೆ ಕಣೋ, ತಪ್ಪಾಯ್ತು. ನಿಮ್ಮಮ್ಮ, ನಮ್ಮನೆಯೋಳು ಇಬ್ಬರೂ ಸೇರಿ ಕಾಂಪೌಂಡ್ ಪಕ್ಕದಲ್ಲೇ ಹಲಸಿನ ಸಸಿ ಇಡ್ತೀವಿ ಅಂದ್ರು. ಬೇಡ, ಬೇರು ಗೋಡೆ ಒಡೆಯುತ್ತೆ ಅಂತ ಹೇಳಿದೆ."

"ಏನಂದ್ರು?"

"ಏನೂ ಅನ್ಲಿಲ್ಲ. ಕೈಗೆ ಗುದ್ದಲಿ ಕೊಟ್ರು."

"ಅಗೆದ್ಯಾ?"

ಅವನು ನಿಧಾನವಾಗಿ ಕುರ್ಚಿಯಲ್ಲಿ ಕೂತು ಫೈಲು ಬಿಚ್ಚಿದ. "ಇನ್ನೇನು ಮಾಡ್ಲಿ? ಮೊದಲು ಅಗೆದ ಗುಂಡಿ ಸರಿ ಇಲ್ಲ ಅಂತ ನಿಮ್ಮಮ್ಮ ಇನ್ನೊಂದು ಅಗೆಸಿದ್ರು."